ಹೆಬ್ಬೆಟ್ಟು ಮಾಮನ ಚಪ್ಪಲಿ

ಮಕ್ಕಳ ಶೂ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನಿಗೆ ಮುಖಗಳಿಗಿಂತ ಪಾದಗಳೇ ಹೆಚ್ಚು ನೆನಪಿರುತ್ತವೆ. ಯಾರಾದರೂ ತಾಯಿ ಬಂದು "ನನ್ನ ಗುರುತು ಸಿಕ್ತಾ?" ಎಂದು ಕೇಳಿದರೆ ಅವನು ಪೆಚ್ಚು ನಗೆ ನಗುತ್ತಾನೆ. ಮಗು ಕಾಲು ಚಾಚಿದ ಕೂಡಲೇ ಮಾತ್ರ "ಓಹೋ, ಕಿರುಬೆರಳು ಪಕ್ಕದವನ ಹೆಗಲೇರಿ ಕೂತಿರೋ ಯಜಮಾನರು! ಹೋದ ಸಲ ನಾಲ್ಕನೇ ನಂಬರು" ಎಂದುಬಿಡುತ್ತಾನೆ. ತಾಯಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ತನ್ನ ಮುಖಕ್ಕೆ ಅಷ್ಟೂ ಬೆಲೆಯಿಲ್ಲವೇ ಎಂಬ ಸಣ್ಣ ಮುನಿಸು.

ಎಲ್ಲರೂ ಅವನನ್ನು ಹೆಬ್ಬೆಟ್ಟು ಮಾಮ ಎನ್ನುತ್ತಾರೆ. ಹೆಬ್ಬೆಟ್ಟು ಎಂದರೆ ಓದು ಬರಹ ಬಾರದವನು ಎಂದೂ ಅರ್ಥವಾಗುತ್ತದೆ. ಹತ್ತನೇ ತರಗತಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದ ಅವನು ಅದಕ್ಕೆಂದೂ ಬೇಸರಿಸಿದವನಲ್ಲ. ಶೂ ತೊಡಿಸಿ, ಮಗುವನ್ನು ಎಬ್ಬಿಸಿ ನಿಲ್ಲಿಸಿ, ತುದಿಯಲ್ಲಿ ತನ್ನ ಹೆಬ್ಬೆಟ್ಟು ಒತ್ತಿ, ಒಂದು ಹೆಬ್ಬೆಟ್ಟಿನಷ್ಟು ಜಾಗ ಉಳಿದಿದ್ದರೆ ಮಾತ್ರ ಸರಿ ಎನ್ನುವುದು ಅವನ ಪದ್ಧತಿ. ಒತ್ತುವ ಮುಂಚೆ ಶೂವಿನ ಮೂತಿಯ ಮೇಲೆ ಬಾಗಿಲು ತಟ್ಟಿದಂತೆ ತಟ್ಟಿ, "ಟಕ್ ಟಕ್, ಮನೇಲಿ ಯಾರಿದ್ದೀರಿ?" ಎನ್ನುತ್ತಾನೆ. ಮಕ್ಕಳು ಒಳಗಿನಿಂದ ಬೆರಳಾಡಿಸಿ "ನಾನು!" ಎನ್ನುತ್ತವೆ. ಹೆದರಿದ ಮಗು ಬೆರಳು ಮುದುರಿಕೊಂಡಿರುತ್ತದೆ. ಆಗ ಅಳತೆ ಸರಿಬಂದರೂ ಅದು ಸುಳ್ಳು ಅಳತೆ. ಬೆರಳು ಬಿಡುವವರೆಗೆ ಕಾಯಬೇಕು. ಅವಸರದ ಅಂಗಡಿಯವರಿಗೆ ಇದು ತಿಳಿಯುವುದಿಲ್ಲ. ಹಾಗಾಗಿಯೇ ಅವರು ಕೊಟ್ಟ ಶೂ ಕಚ್ಚುತ್ತದೆ.

ಅಂಗಡಿಯಲ್ಲೊಂದು ಉದ್ದನೆಯ ಬೆಂಚಿದೆ. ಸಂಜೆ ಹೊತ್ತಿಗೆ ಅದು ಭರ್ತಿ, ಯಾಕೆಂದರೆ ಪಾದ ಸಂಜೆಗೆ ಒಂದಿಷ್ಟು ಊದಿಕೊಳ್ಳುತ್ತದೆ, ಶೂ ಕೊಳ್ಳುವುದಾದರೆ ಸಂಜೆಯೇ ಬನ್ನಿ ಎಂದು ಅವನೇ ಊರೆಲ್ಲ ಹೇಳಿ ಇಟ್ಟಿದ್ದಾನೆ. ಬೆಂಚಿನ ಮೇಲೆ ಕುಳಿತ ಅಪ್ಪ ಅಮ್ಮಂದಿರು ಶೂ ಬರುವತನಕ ಸುಮ್ಮನಿರುತ್ತಾರೆಯೇ? ಔಷಧಿ ಉಗುಳುವ ಮಗುವಿಗೆ ಮೊದಲು ಬೊಂಬೆಗೆ ಕುಡಿಸಲು ಹೇಳಿ ಎಂದು ಒಬ್ಬಳು. ಉಗುರು ಕತ್ತರಿಸುವುದಾದರೆ ನಿದ್ದೆ ಹತ್ತಿ ಕಾಲು ಗಂಟೆಯಾದ ಮೇಲೆ ಕತ್ತರಿಸಿ, ಮುಂಚೆ ಹೋದರೆ ಕೆಟ್ಟಿರಿ ಎಂದು ಇನ್ನೊಬ್ಬ. ಎಡಬಲ ಗೊತ್ತಾಗದ ಮಗುವಿಗೆ ಚಿತ್ರದ ಚೀಟಿಯೊಂದನ್ನು ನಡುವೆ ಕತ್ತರಿಸಿ ಎರಡು ಶೂಗಳ ಒಳಗೆ ಅರ್ಧರ್ಧ ಅಂಟಿಸಿ, ಚಿತ್ರ ಕೂಡಿದರೆ ಶೂ ಸರಿಯಾಯಿತು ಎಂದು ಯಾರದೋ ಅಜ್ಜಿ. "ಶೂ ಹಾಕೋಣ್ವಾ ಅಂತ ಕೇಳಬೇಡಿ, ಬೇಡ ಅನ್ನುತ್ತೆ. ಯಾವ ಕಾಲು ಮೊದಲು ಅಂತ ಕೇಳಿ" ಎಂಬುದು ನಮ್ಮವನದೇ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವ ಜನರ ನಡುವೆ ಇವನು ಎರಡು ಕಿವಿಯಲ್ಲೂ ಕೇಳಿ ಬಾಯಲ್ಲಿ ಬಿಡುವವನು. ಸೋಮವಾರ ಕೇಳಿದ ಬುದ್ಧಿಮಾತು ಶನಿವಾರದೊಳಗೆ ಹತ್ತು ಮನೆ ಸೇರಿರುತ್ತಿತ್ತು.

ಅವನು ಬಲು ಹೆಮ್ಮೆಯಿಂದ ಹಂಚುತ್ತಿದ್ದ ಇನ್ನೊಂದು ಉಪಾಯವಿತ್ತು. ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಹೊರಡುವುದು ಹೇಗೆ ಎಂದು ಯಾರೇ ಕೇಳಲಿ, "ಹೇಳಿ ಹೋಗೋಕೆ ಹೋದ್ರೆ ರಾದ್ಧಾಂತ. ಆಟಕ್ಕೆ ಬಿಡಿ, ಅದು ಮೈಮರೆತಾಗ ಮೆಲ್ಲಗೆ ಜಾರಿಕೊಳ್ಳಿ" ಎನ್ನುತ್ತಿದ್ದ.

ಇಷ್ಟೆಲ್ಲ ಬಲ್ಲವನ ಮನೆಯಲ್ಲಿ ಮಗುವಿಲ್ಲ. ಇತ್ತು.

ತಮ್ಮನ ಹೆಂಡತಿ ಹೆರಿಗೆಯಾದ ಕೂಡಲೇ ಹಾಸಿಗೆ ಹಿಡಿದಳು. ಅಚ್ಚುಕೂಟದಲ್ಲಿ ಎರಡೆರಡು ಪಾಳಿ ದುಡಿಯುತ್ತಿದ್ದ ತಮ್ಮ ಹೆಂಡತಿಯನ್ನು ನೋಡಿಕೊಳ್ಳಬೇಕೋ ಕೂಸನ್ನೋ? ಇಪ್ಪತ್ತು ದಿನದ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ಅತ್ತಿಗೆಯ ಮಡಿಲಿಗೆ ಹಾಕಿದ. "ಒಂದೆರಡು ತಿಂಗಳು, ಅತ್ತಿಗೆ" ಎಂದ. ಅದು ಮೂರೂವರೆ ವರ್ಷವಾಯಿತು. ಆಸ್ಪತ್ರೆಯಲ್ಲಿ ಹೊದಿಕೆಗಳನ್ನು ಹೊಲಿಯುತ್ತಿದ್ದ ಅವನ ಹೆಂಡತಿ ಅಲ್ಲಿನ ಹೊಲಿಗೆ ಯಂತ್ರವನ್ನು ಮನೆಗೇ ತರಿಸಿಕೊಂಡಳು. ಹುಡುಗಿ ಚುರುಕು, ಚೂಟಿ ಎಂದು ಕರೆದರು. ಹೆತ್ತವರ ಹಕ್ಕಿಗೆ ಕೈಹಾಕಬಾರದೆಂದು ಗಂಡ ಹೆಂಡತಿ ಇಬ್ಬರೂ ಪಟ್ಟುಹಿಡಿದು ದೊಡ್ಡಪ್ಪ, ದೊಡ್ಡಮ್ಮ ಎಂದೇ ಕಲಿಸಿದರು. ಅಷ್ಟುದ್ದ ನಾಲಿಗೆ ಹೊರಳದೆ ಅವಳು ಅವನನ್ನು "ದೊಪ್ಪ" ಮಾಡಿದಳು. ಬಾಗಿಲು ತಟ್ಟುವ ಆಟ ಹುಟ್ಟಿದ್ದೂ ಅವಳ ಮೊದಲ ಶೂವಿನ ಮೇಲೆಯೇ.

ತಾಯಿಗೆ ಗುಣವಾಯಿತು. ಆಗಲೆಂದು ಇವರೇ ಹರಸಿಕೊಂಡದ್ದಲ್ಲವೇ? ಚೂಟಿಯನ್ನು ಊರಿನ ಇನ್ನೊಂದು ತುದಿಯ ತಮ್ಮನ ಮನೆಗೆ, ಎರಡು ಬಸ್ಸು ಬದಲಿಸಿ ಕರೆದೊಯ್ದು ಬಿಡಬೇಕಾಗಿ ಬಂತು. ಹೆಂಡತಿ ಬರಲಾರೆ ಎಂದಳು. ಅವನೊಬ್ಬನೇ ಹೋದ. ಒಂದು ಚೀಲದ ತುಂಬ ಖಾಲಿ ಶೂ ಡಬ್ಬಿಗಳನ್ನು ಒಯ್ದಿದ್ದ. ಡಬ್ಬಿಗಳಿಂದ ಮನೆ ಕಟ್ಟುವ ಆಟಕ್ಕೆ ಅವಳನ್ನು ಹಚ್ಚಿದ. ಅವಳು ಮೂರನೇ ಅಂತಸ್ತು ಕಟ್ಟುತ್ತ ನಾಲಿಗೆ ಕಚ್ಚಿಕೊಂಡು ಮೈಮರೆತಾಗ ಮೆಲ್ಲಗೆ ಎದ್ದ. ಸದ್ದಾದೀತೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಬಿದ್ದ. ಬೀದಿಯ ತಿರುವಿನಲ್ಲಿ ಚಪ್ಪಲಿ ಮೆಟ್ಟುತ್ತಿರುವಾಗ "ದೊಪ್ಪಾ" ಎಂದು ಕೇಳಿಸಿತು. ತಿರುಗಿ ನೋಡಿದರೆ ಕಾಲು ಮುಂದೆ ಬಾರದೆಂದು ಅವನಿಗೆ ಗೊತ್ತಿತ್ತು. ನೋಡಲಿಲ್ಲ.

ವಾರದ ಮೇಲೆ ತಮ್ಮ ಫೋನು ಮಾಡಿದ.

"ಅಣ್ಣಾ, ಇವಳದೊಂದು ಹೊಸ ಕಾಟ. ಮನೆಗೆ ಬಂದವರ ಚಪ್ಪಲಿ ಎಲ್ಲ ಬಚ್ಚಿಡ್ತಾಳೆ. ನಿನ್ನೆ ಪಕ್ಕದ ಮನೆಯವರು ಒಂದು ಗಂಟೆ ಹುಡುಕಿದ್ರು, ನೀರಿನ ಡ್ರಮ್ಮಿನ ಹಿಂದೆ ಇತ್ತು. ಯಾಕೆ ಅಂದ್ರೆ, ಚಪ್ಪಲಿ ಇಲ್ದಿದ್ರೆ ಯಾರೂ ಹೋಗಲ್ಲ ಅಂತಾಳೆ."

ಆಮೇಲೆ ತಮ್ಮನ ಹೆಂಡತಿ ಫೋನು ತೆಗೆದುಕೊಂಡಳು. ಒಳ್ಳೆಯ ಹೆಂಗಸು, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಭಾವ, ತಪ್ಪು ತಿಳ್ಕೋಬೇಡಿ. ನನ್ನ ಹತ್ರ ಬರೋಕೇ ಒಪ್ತಿಲ್ಲ ಅವಳು. ಸ್ವಲ್ಪ ದಿನ ನೀವು ಬರಬೇಡಿ. ಹೊಂದಿಕೊಳ್ಳಲಿ." ಅವನು "ಆಯ್ತಮ್ಮ" ಎಂದ. ಆ ಸ್ವಲ್ಪ ದಿನ ಒಂದೂವರೆ ವರ್ಷವಾಯಿತು. ಮನೆ ಬಿಕೋ ಎನ್ನುತ್ತಿತ್ತು. ಹೊಲಿಗೆ ಯಂತ್ರವನ್ನು ಹೆಂಡತಿ ಆಸ್ಪತ್ರೆಗೆ ವಾಪಸು ಕಳಿಸಿ ತಾನೂ ಅಲ್ಲಿಗೇ ಕೆಲಸಕ್ಕೆ ಹೋಗತೊಡಗಿದಳು.

ಅವನಿಗೆ ಅಂಗಡಿಯಲ್ಲಿ ಹೊತ್ತು ಹೋಗುತ್ತಿತ್ತು, ಆದರೆ ಅಲ್ಲಿಯೂ ಅದೇ ಗುಂಗು. ಚೂಟಿಯ ವಯಸ್ಸಿನ ಮಕ್ಕಳು ಬಂದರೆ ಪಾದವನ್ನು ಅಳತೆ ಹಲಗೆಯ ಮೇಲೆ ಒಂದು ಗಳಿಗೆ ಹೆಚ್ಚೇ ಇರಿಸಿಕೊಳ್ಳುತ್ತಿದ್ದ. ಹೋದಾಗ ಅವಳದು ಏಳನೇ ನಂಬರು. ಈಗ ಎಂಟಾಗಿರಬೇಕು. ಈಗ ಒಂಬತ್ತು. ಊರಿನ ಮಕ್ಕಳ ನಂಬರೆಲ್ಲ ನಾಲಿಗೆಯ ತುದಿಯಲ್ಲಿದ್ದವನು ತಾನು ಎತ್ತಿ ಆಡಿಸಿದ ಮಗುವಿನ ನಂಬರನ್ನು ಅಂದಾಜಿನಿಂದ ಹೇಳಿಕೊಳ್ಳಬೇಕಾಗಿತ್ತು.

ಒಂದು ಸಂಜೆ ಬೆಂಚಿನ ಮೇಲೆ ಬಸ್ ಕಂಡಕ್ಟರ್ ಒಬ್ಬಳು ಕುಳಿತಿದ್ದಳು. ಪಕ್ಕದ ತಾಯಿ ತನ್ನ ಮಗ ಶಿಶುವಿಹಾರದಲ್ಲಿ ಗೋಳಾಡುತ್ತಾನೆಂದಾಗ ನಮ್ಮವನು ಅಭ್ಯಾಸಬಲದಿಂದ ಬಾಯಿ ತೆರೆದ. "ಮೆಲ್ಲಗೆ ಜಾರಿಕೊಳ್ಳಿ..."

"ಅಯ್ಯೋ, ಬೇಡಪ್ಪ" ಎಂದಳು ಕಂಡಕ್ಟರ್. ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಅವಳ ಮಾತೇ ಜೋರು. "ನಾನೂ ಹಂಗೇ ಮಾಡಿ ಕೆಟ್ಟೆ. ಆಮೇಲೆ ನಾನು ಸ್ನಾನಕ್ಕೆ ಹೋದ್ರೂ ಮಗಳು ಬಾಗಿಲ ಮುಂದೆ ಕೂತಿರೋಳು. ಈಗ ಹೇಳೇ ಹೋಗ್ತೀನಿ. ಅತ್ತರೂ ಸರಿ. ಹೋಗಿ ಬರ್ತೀನಿ ಅಂದೋರು ಬರ್ತಾರೆ ಅಂತ ಅದಕ್ಕೆ ಗೊತ್ತಾಗಬೇಕು. ಹೇಳದೆ ಹೋದ್ರೆ ಅದು ಏನಂತ ತಿಳ್ಕೊಳ್ಳುತ್ತೆ, ಹೇಳಿ ಮಾಮ?"

ಅವನ ಕೈಯಲ್ಲಿದ್ದ ಶೂ ದಾರ ಗಂಟಾಯಿತು. ಬಿಡಿಸಲು ಬಹಳ ಹೊತ್ತು ಹಿಡಿಯಿತು. ಊರಿಗೆಲ್ಲ ಬುದ್ಧಿ ಹೇಳಿದವನು ತನ್ನ ಮನೆಯ ದೀಪವನ್ನು ತಾನೇ ಊದಿ ಬಂದಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಅವನು ಉಣ್ಣಲು ಸಿದ್ಧನಿದ್ದ, ಆದರೆ ಉಂಡದ್ದು ಮಗುವಲ್ಲವೇ! ಅಂದಿನಿಂದ ಆ ಉಪಾಯವನ್ನು ಅವನು ಯಾರಿಗೂ ಹೇಳಲಿಲ್ಲ. ಹಿಂದೆ ಹೇಳಿಸಿಕೊಂಡವರು ಬಂದರೆ ತಡೆದು ನಿಲ್ಲಿಸಿ, "ಅದು ತಪ್ಪು ಕಣಮ್ಮ, ಹೇಳಿ ಹೋಗಿ" ಎಂದು ತಿದ್ದತೊಡಗಿದ. ಒಬ್ಬ ತಂದೆ ನಕ್ಕ. "ನನ್ನ ಮಗ ಈಗ ಹೈಸ್ಕೂಲು ಮಾಮ, ಅವನೇ ಹೇಳದೆ ಹೋಗ್ತಾನೆ!"

ಶಾಲೆಗಳು ಶುರುವಾಗುವ ವಾರ ಚೂಟಿ ಬಂದಳು.

ಅವನು ಏಣಿಯ ಮೇಲಿದ್ದ. ಕೆಳಗೆ ನೋಡಿದಾಗ ಬಾಗಿಲಲ್ಲಿ ತಮ್ಮನ ಹೆಂಡತಿ, ಅವಳ ಸೆರಗಿನ ಹಿಂದೆ ಎರಡು ಜಡೆ. "ಬೇರೆ ಅಂಗಡಿ ಶೂ ಎಲ್ಲ ಕಚ್ಚುತ್ತೆ ಭಾವ. ಅಣ್ಣನ ಹತ್ರಾನೇ ಹೋಗು ಅಂದ್ರು ಇವರು" ಎಂದಳು ಅವಳು, ಸಂಕೋಚದಿಂದ. ಮಗಳ ಕಡೆ ತಿರುಗಿ, "ದೊಡ್ಡಪ್ಪ ಕಣೇ. ಗೊತ್ತಾಯ್ತಾ?" ಎಂದಳು. ಹುಡುಗಿ ಅವನ ಮುಖವನ್ನು ನೋಡಿದಳು, ಗೋಡೆಯ ಗಡಿಯಾರ ನೋಡಿದಳು.

ಅವನು ನೆಲಹಾಸಿನ ಮೇಲೆ ಮೊಣಕಾಲೂರಿದ. ದಿನವಿಡೀ ಹಾಗೆ ಕೂತು ಏಳಬೇಕಾದ್ದರಿಂದ ಅಂಗಡಿಯಲ್ಲಿ ಅವನು ಬರಿಗಾಲಿನವನು. ಚಪ್ಪಲಿ ಬೆಂಚಿನ ಕೊನೆಯಲ್ಲಿ ಗೋಡೆಗೆ ಒರಗಿರುತ್ತದೆ.

"ಯಾವ ಕಾಲು ಮೊದಲು?" ಎಂದ.

ಅವಳು ಎಡಗಾಲು ಚಾಚಿದಳು. ಒಂಬತ್ತು, ಹೆಚ್ಚೆಂದರೆ ಹತ್ತು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಹಲಗೆ ಹನ್ನೊಂದು ಎಂದಿತು. ಹಿಮ್ಮಡಿಯ ಪಕ್ಕದ ಕಂದು ಮಚ್ಚೆ ಮಾತ್ರ ಇದ್ದಲ್ಲೇ ಇತ್ತು. ಕರಿ ಶೂ ತೊಡಿಸಿ, ನಿಲ್ಲಿಸಿ, ಮೂತಿಯ ಮೇಲೆ ತಟ್ಟಿದ.

"ಟಕ್ ಟಕ್. ಮನೇಲಿ ಯಾರಿದ್ದೀರಿ?"

ಒಳಗೆ ಬೆರಳುಗಳು ಮುದುರಿಕೊಂಡವು. ಅವನು ಕಾದ. ಬೆಂಚಿನ ಮೇಲೆ ಇನ್ನೂ ಆರು ಮಕ್ಕಳು ಕಾಯುತ್ತಿದ್ದರು, ಅಂಗಡಿಯ ಯಜಮಾನರು ಗಲ್ಲಾದಿಂದ ಕೆಮ್ಮಿದರು. ಅವನು ಕಾದೇ ಕಾದ. ಬಹಳ ಹೊತ್ತಿಗೆ ಬೆರಳುಗಳು ಸಡಿಲವಾದವು, ಆದರೆ ತಟ್ಟಿದ್ದಕ್ಕೆ ಉತ್ತರ ಬರಲಿಲ್ಲ. ಹೆಬ್ಬೆಟ್ಟಿನಷ್ಟು ಜಾಗವಿತ್ತು. ಶೂ ಸರಿಯಾಗಿತ್ತು.

"ಈಗ ಚೆನ್ನಾಗಿ ಹೊಂದಿಕೊಂಡಿದ್ದಾಳೆ" ಎಂದಳು ತಾಯಿ ಮೆಲ್ಲಗೆ. "ಆ ಚಪ್ಪಲಿ ಬಚ್ಚಿಡೋದು ಬಿಟ್ಟು ಒಂದು ವರ್ಷದ ಮೇಲಾಯ್ತು."

"ಒಳ್ಳೇದಾಯ್ತಮ್ಮ" ಎಂದ. ನಿಜಕ್ಕೂ ಒಳ್ಳೆಯದೇ. ಮಗು ಮರೆತರೆ ಮಗುವಿಗೆ ಸುಖ. ಇದಕ್ಕೆ ತಾನೇಕೆ ಕೊರಗಬೇಕು ಎಂದು ಅವನು ತನ್ನನ್ನೇ ಬೈದುಕೊಂಡ. ಕಾಲುಚೀಲ ತರಲು ಏಣಿ ಹತ್ತಿದ. ತಾಯಿ ಗಲ್ಲಾದ ಹತ್ತಿರ ಹೋದಳು. ಇಳಿದು ಬಂದಾಗ ಹುಡುಗಿ ಬೆಂಚಿನ ಕೆಳಗೆ ತೂರಿದ್ದಳು. "ಏಳೇ, ಬಟ್ಟೆಯೆಲ್ಲ ಧೂಳು!" ಎಂದು ತಾಯಿ ಗದರಿಸಿ ಎಬ್ಬಿಸಿದಳು.

ಹೊಸ ಶೂ ಹಾಕಿಕೊಂಡೇ ಹೊರಟರು. "ಒಂದಿನ ಬನ್ನಿ ಭಾವ, ಅಕ್ಕನ್ನೂ ಕರ್ಕೊಂಡು" ಎಂದಳು ತಮ್ಮನ ಹೆಂಡತಿ. ಯಾವ ದಿನ ಎನ್ನಲಿಲ್ಲ. ಒಂದಿನ ಎನ್ನುವ ದಿನ ಕ್ಯಾಲೆಂಡರಿನಲ್ಲಿ ಇರುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ? ಅವನು ಬಾಗಿಲವರೆಗೆ ಬಂದು "ಹೋಗಿ ಬಾ ಚೂಟಿ" ಎಂದ. ಅವಳು ತಿರುಗಿ ನೋಡಿದಳು. ಅವನ ಮುಖವನ್ನಲ್ಲ, ಬರಿಗಾಲನ್ನು.

ಏಳೂವರೆಗೆ ಅಂಗಡಿ ಮುಚ್ಚುವಾಗ ಅವನ ಚಪ್ಪಲಿ ಇರಲಿಲ್ಲ. ಗೋಡೆಯ ಹತ್ತಿರ ಇಲ್ಲ, ಏಣಿಯ ಹಿಂದೆ ಇಲ್ಲ. "ಯಾರೋ ಹೊಡ್ಕೊಂಡು ಹೋದ್ರು. ಶೂ ಅಂಗಡೀಲೇ ಚಪ್ಪಲಿ ಕಳ್ಳತನ!" ಎಂದು ಯಜಮಾನರು ನಕ್ಕರು. ಅವನಿಗೆ ಥಟ್ಟನೆ ಏನೋ ಹೊಳೆಯಿತು. ನೆಲಕ್ಕೆ ಕುಳಿತು, ಬೆಂಚಿನ ಕೆಳಗೆ ಕೈಯಾಡಿಸಿದ. ಗೋಡೆಗೆ ತಾಗುವಷ್ಟು ಒಳಗೆ ಒಂದು ಡಬ್ಬಿ. ಹನ್ನೊಂದನೇ ನಂಬರಿನದು, ಮುಚ್ಚಳ ಭದ್ರವಾಗಿ ಮುಚ್ಚಿತ್ತು, ಖಾಲಿ ಡಬ್ಬಿಗಿರಬೇಕಾದ್ದಕ್ಕಿಂತ ಭಾರವಾಗಿತ್ತು. ಒಳಗೆ ಅವನ ಎರಡೂ ಚಪ್ಪಲಿಗಳನ್ನು ಮೂತಿ ಗೋಡೆಯ ಕಡೆ ಮಾಡಿ, ಹಿಮ್ಮಡಿ ಬಗ್ಗಿಸಿ ಒತ್ತಿ ಇಡಲಾಗಿತ್ತು.

ಅವನು ಮುಚ್ಚಳ ಮುಚ್ಚಿ ಡಬ್ಬಿಯನ್ನು ಇದ್ದಲ್ಲಿಗೇ ತಳ್ಳಿದ. "ಸಿಗಲಿಲ್ಲ" ಎಂದು ಯಜಮಾನರಿಗೆ ಹೇಳಿ ಬೀದಿಗಿಳಿದ. ಅಂಗಡಿಯಿಂದ ಮನೆಗೆ ಹದಿನೈದು ನಿಮಿಷದ ದಾರಿ. ಜಲ್ಲಿ ಚುಚ್ಚಿತು. ಅವನು ಅಳುತ್ತಿದ್ದ, ನಗುತ್ತಲೂ ಇದ್ದ. ಎದುರು ಬಂದವರು ಬದಿಗೆ ಸರಿದರು.

ಬಾಗಿಲು ತೆರೆದ ಹೆಂಡತಿ ಮೊದಲು ನೋಡಿದ್ದು ಧೂಳು ಮೆತ್ತಿದ ಪಾದ. "ಚಪ್ಪಲಿ ಎಲ್ರೀ?"

"ಬಚ್ಚಿಟ್ಟಿದ್ದಾಳೆ."

ಯಾರು ಎಂದು ಅವಳು ಕೇಳಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, "ಅವಳಮ್ಮ ಏನಂದ್ಲು?" ಎಂದಳು.

"ಒಂದಿನ ಬನ್ನಿ ಅಂದ್ಲು."

"ಭಾನುವಾರಾನೂ ಒಂದು ದಿನಾನೇ."

ಅವನು ಹೌದೆಂದು ತಲೆಯಾಡಿಸಿದ. ಅವಳು ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಅವನ ಕಾಲ ಮೇಲೆ ಹೊಯ್ಯತೊಡಗಿದಳು. "ಹೋಗೋದೇನೋ ಹೋಗ್ತೀವಿ. ವಾಪಸ್ ಬರೋವಾಗ ಏನು ಮಾಡ್ತೀರಿ?"

"ಚಪ್ಪಲಿ ಬಚ್ಚಿಟ್ಟಿರ್ತಾಳೆ. ಅವಳ ಹತ್ರಾನೇ ಕೇಳಿ ಇಸ್ಕೊಂಡು, ಹೋಗಿ ಬರ್ತೀನಿ ಅಂತ ಹೇಳೇ ಬರ್ತೀನಿ" ಎಂದ. "ಅತ್ತರೂ ಸರಿ."