ಹೆಟ್ಟಿ ಆಂಟಿಯ ಮುಂದಿನ ಕೋಣೆ

ನಮ್ಮ ವಿಯರ್‌ಡೇಲ್ ಕಣಿವೆಯಲ್ಲಿ ಹೆಟ್ಟಿ ಫೆದರ್‌ಸ್ಟನ್ ಅವರ ಕೈಯೂಟ ಉಣ್ಣದೆ ಬೆಳೆದವರಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೆರಡು ವರ್ಷ ದುಡಿದ ಹೆಂಗಸು. ತಟ್ಟೆಯಲ್ಲಿ ಬಟಾಣಿ ಬಿಟ್ಟೆನೆಂದು ನನ್ನ ಕಿವಿ ಹಿಂಡಿದ್ದೂ ಉಂಟು. ಈಗ ನನಗೆ ಐವತ್ತೈದು, ಹೊರಗಿನ ಗಾಳಿಯ ಶಾಖ ಹೀರಿ ಮನೆ ಕಾಯಿಸುವ ಹೀಟ್ ಪಂಪ್ ಯಂತ್ರ ಕೂರಿಸುವ ಕಸುಬು. ಅವರಿಗೆ ಎಪ್ಪತ್ತೆಂಟಾದರೂ ನನ್ನ ಕಿವಿಯ ಮೇಲಿನ ಕಣ್ಣು ತಪ್ಪಿಲ್ಲ.

ಅವರ ತಮ್ಮ ಕತ್ಬರ್ಟ್ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದ್ದ. ಅಕ್ಕ ತಮ್ಮ ಇಬ್ಬರೂ ಮದುವೆಯಾದವರಲ್ಲ, ಹುಟ್ಟಿದ ಮನೆಯಲ್ಲೇ ಜಗಳವಾಡುತ್ತಾ ಬದುಕಿದವರು. ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದಳು: ಮನೆ ಹಗಲೂ ರಾತ್ರಿ ಇಪ್ಪತ್ತು ಡಿಗ್ರಿ ಇರಬೇಕು, ಶುಕ್ರವಾರ ಬಂದು ನೋಡುತ್ತೇನೆ, ಇಲ್ಲದಿದ್ದರೆ ಅವನು ವೃದ್ಧಾಶ್ರಮಕ್ಕೆ.

ಅವರ ಮನೆಗೆ ಹೊಸ ಹೀಟ್ ಪಂಪನ್ನೂ, ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್‌ಗಳನ್ನೂ ಕೂರಿಸಿದವನು ನಾನೇ. ಸೋಮವಾರ ಆಂಟಿಯ ಫೋನು ಬಂತು.

"ಏ ನೆವಿಲ್, ಏನೋ ಇದು ನೀನು ಹಾಕಿರೋದು? ರೇಡಿಯೇಟರ್ ಮುಟ್ಟಿದ್ರೆ ಸತ್ತ ಮೀನು ಮುಟ್ಟಿದ ಹಾಗಿದೆ!"

ಹೋಗಿ ನೋಡಿದೆ. ಮನೆ ಹದಿನಾರು ಡಿಗ್ರಿ, ಆಂಟಿಯ ಮೈಮೇಲೆ ಎರಡು ಸ್ವೆಟರ್.

"ಎಷ್ಟು ಹೊತ್ತು ಓಡಿಸ್ತೀರಿ?"

"ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು. ನಮ್ಮಮ್ಮನ ಕಾಲದಿಂದ ಹಾಗೇ."

ಅಯ್ಯೋ ನನ್ನ ಕರ್ಮವೇ!

"ಆಂಟಿ, ಇದು ಹಳೇ ಎಣ್ಣೆ ಬಾಯ್ಲರ್ ಅಲ್ಲ. ಅದು ಕುದಿಯೋ ನೀರು ಕೊಡ್ತಿತ್ತು, ಇದು ಉಗುರುಬೆಚ್ಚಗೆ ಮಾತ್ರ ಕೊಡೋದು. ಅದಕ್ಕೇ ರೇಡಿಯೇಟರ್ ಅಗಲ ಇರ್ಬೇಕು, ಯಂತ್ರ ನಿಲ್ಲಿಸದೆ ಓಡ್ತಾ ಇರ್ಬೇಕು. ಆರಿಸಿ ಆರಿಸಿ ಹಚ್ಚಿದ್ರೆ ಕರೆಂಟೂ ಹೆಚ್ಚು, ಚಳಿಯೂ ಹೆಚ್ಚು."

"ಇಡೀ ದಿನ ಓಡಿಸ್ಬೇಕಾ? ನಿನಗೇನು ತಲೆ ಕೆಟ್ಟಿದ್ಯಾ?"

ಹಲ್ಲು ಕಚ್ಚಿಕೊಂಡು ಒಪ್ಪಿದರು. ಬುಧವಾರದ ಹೊತ್ತಿಗೆ ಹದಿನೆಂಟಾಯಿತು, ಅಲ್ಲೇ ನಿಂತಿತು. ಕಾರಣ ನನಗೆ ಮೊದಲೇ ಗೊತ್ತಿತ್ತು: ಬಂದವರಿಗೆಂದು ಮೀಸಲಿಟ್ಟ, ಬೀದಿ ಕಡೆಯ ಮುಂದಿನ ಕೋಣೆ. ಪಾದ್ರಿ ಬಂದಾಗ, ಇಲ್ಲವೇ ಮನೆಯಲ್ಲಿ ಸಾವಾಗಿ ಹೆಣ ಮಲಗಿಸುವಾಗ ಮಾತ್ರ ಬಾಗಿಲು ತೆಗೆಯುವ ಕೋಣೆ ಅದು. ಅಮ್ಮನ ಪಿಂಗಾಣಿ ಕಪಾಟು ಜರುಗಿಸಲು ಆಂಟಿ ಒಪ್ಪದೆ, ಆ ಕೋಣೆಯಲ್ಲಿ ಮಾತ್ರ ಹಳೇ ಪುಟ್ಟ ರೇಡಿಯೇಟರನ್ನೇ ಬಿಟ್ಟಿದ್ದೆ. ಅದನ್ನೂ ಅವರು ಆರಿಸಿಟ್ಟಿದ್ದರು. ಪಕ್ಕದ ಕೋಣೆಗಳ ಬಿಸಿಯನ್ನೆಲ್ಲ ಆ ಕೋಣೆಯ ತಣ್ಣನೆ ಗೋಡೆ ನುಂಗುತ್ತಿತ್ತು.

"ಕಪಾಟು ತೆಗೀರಿ ಆಂಟಿ, ಅಗಲದ್ದು ಹಾಕ್ತೀನಿ."

"ಅಮ್ಮ ಇಟ್ಟ ಜಾಗ ಅದು. ಯಾರಾದ್ರೂ ಬಂದ್ರೆ ಕೂರಿಸೋದೆಲ್ಲಿ?"

ನನಗೆ ರೇಗಿತು. "ಯಾರು ಬರ್ತಾರೆ? ಶುಕ್ರವಾರ ನರ್ಸಮ್ಮ ಬರ್ತಾಳೆ. ಆಮೇಲೆ ಕತ್ಬರ್ಟ್‌ನ ನೋಡೋಕೆ ನೀವೇ ಬಸ್ ಹತ್ಬೇಕು, ಅಷ್ಟೇ."

ಮಾತು ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಆಂಟಿಯ ಮುಖ ಸಣ್ಣದಾಯಿತು. ಒಳಗೆ ಹೋಗಿ ಒಂದೊಂದೇ ತಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದರು. ಮಧ್ಯಾಹ್ನದೊಳಗೆ ಕಪಾಟು ಖಾಲಿ. ಇಬ್ಬರೂ ಸೇರಿ ಅದನ್ನು ದೂಡುವಾಗ ನನ್ನ ಸೊಂಟ ಹಿಡಿದುಕೊಂಡಿತು, ಅವರು ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿದ್ದರು. ಸಂಜೆಗೆ ಅಗಲದ ರೇಡಿಯೇಟರ್ ಕೂತಿತು. "ಕತ್ಬರ್ಟ್‌ನ ಹಾಸಿಗೆಯನ್ನೂ ಇಲ್ಲೇ ತಾ. ಅವನಿಗೆ ಮೆಟ್ಟಿಲು ಹತ್ತೋಕಾಗಲ್ಲ" ಎಂದರು.

ಶುಕ್ರವಾರ ಹೊರಗೆ ಹಿಮ ಸುರಿಯುತ್ತಿತ್ತು. ನರ್ಸಮ್ಮ ಕೋಣೆ ಕೋಣೆ ಸುತ್ತಿ ಅಳೆದಳು. ಎಲ್ಲ ಕಡೆಯೂ ಇಪ್ಪತ್ತು. ಖುಷಿಗೆ ಆಂಟಿ ನನ್ನ ಬೆನ್ನಿಗೆ ಕೊಟ್ಟ ಏಟು ಈಗಲೂ ನೆನಪಿದೆ.

ಭಾನುವಾರ ಕತ್ಬರ್ಟ್ ಬಂದ. ದಿಂಬಿಗೊರಗಿ ಸುತ್ತಲೂ ಕಣ್ಣಾಡಿಸಿದ. "ಅಕ್ಕಾ, ಇಲ್ಯಾಕೆ ಮಲಗಿಸಿದ್ದೀಯೆ? ನಾನಿನ್ನೂ ಸತ್ತಿಲ್ಲ!"

"ಬಾಯ್ಮುಚ್ಚೋ ಮೂದೇವಿ!" ಎಂದು ಗದರಿದ ಆಂಟಿ, ಪಾದ್ರಿಗಷ್ಟೇ ಮೀಸಲಿದ್ದ ಕುರ್ಚಿಯಲ್ಲಿ ಧೊಪ್ಪೆಂದು ಕೂತರು. ಸೆಕೆಯೆಂದು ಒಂದು ಸ್ವೆಟರ್ ತೆಗೆದರು, ಆಮೇಲೆ ಇನ್ನೊಂದನ್ನೂ. ಅಮ್ಮನ ಪಿಂಗಾಣಿ ಕಪ್ಪಿನಲ್ಲಿ ತಮ್ಮನಿಗೆ ಚಹಾ ಬಗ್ಗಿಸಿದರು.

"ಯಾರೋ ಬರ್ತಾರೆ ಬರ್ತಾರೆ ಅಂತ ಇಷ್ಟು ವರ್ಷ ಕಾದಿಟ್ವಲ್ಲೋ ಈ ಕೋಣೇನ" ಎಂದರು.

"ಬಂದೆನಲ್ಲೇ" ಎಂದ ಕತ್ಬರ್ಟ್. "ಸಕ್ಕರೆ ಹಾಕು."