ಕಂಬಳಿಯ ಮೇಲೆ ಕೂತು ಆಡಿದ ಮಾತು

ಧರ್ಮಪುರದಿಂದ ಆಂಧ್ರದ ಗಡಿಯ ಕಡೆಗೆ ನಾಲ್ಕು ಮೈಲಿ ನಡೆದರೆ ಒಂದು ಗೊಲ್ಲರಹಟ್ಟಿ. ಅಲ್ಲಿಯ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ಚಿತ್ತಯ್ಯ ಅದೇ ಹಟ್ಟಿಯ ಕುರಿಗಾರ. ಬರೆಯುವಂಥದ್ದು ಅವನೇನು ಮಾಡಿದ ಎಂದು ಕೇಳುವವರಿಗೆ ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಅವನು ನಿಜ ಹೇಳಿದ, ಅಷ್ಟೆ. ಬರೆದುಕೊಂಡವನು ನಾನು.

ಮದುವೆಯಾಗಿ ಒಂಬತ್ತು ವರ್ಷವಾದರೂ ಚಿತ್ತಯ್ಯನಿಗೂ ಅವನ ಹೆಂಡತಿ ಗಂಗಕ್ಕನಿಗೂ ಮಕ್ಕಳಿರಲಿಲ್ಲ. "ಆಗ್ತಾವೆ ಬಿಡ್ರಿ ಮೇಷ್ಟ್ರೆ, ನಮ್ಮವ್ವಗೆ ನಾನು ಹುಟ್ಟಿದ್ದೇ ಮದುವಿ ಆಗಿ ಹದಿನಾಲ್ಕನೇ ವರ್ಷಕ್ಕೆ" ಎನ್ನುತ್ತಿದ್ದ. ಹುಟ್ಟುವ ಕೂಸಿಗೆ ಕಂಬಳಿ ಮಾಡಿಸಬೇಕೆಂದು, ಪ್ರತಿ ವರ್ಷ ಮರಿಗಳ ಮೊದಲ ಉಣ್ಣೆಯನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲೆ ಇಡುತ್ತಿದ್ದ. ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಆ ಹಟ್ಟಿಯಲ್ಲೊಂದು ಕಟ್ಟುಪಾಡು ಇತ್ತು. ನ್ಯಾಯ ಸೇರಿದಾಗ ನಡುವೆ ಕರಿಕಂಬಳಿ ಹಾಸುತ್ತಾರೆ. ಅದರ ಮೇಲೆ ಕೂತವನು ಸುಳ್ಳಾಡಬಾರದು. ಅವನು ಆಡಿದ್ದಕ್ಕೆ ಆಮೇಲೆ ಯಾರೂ ಹಗೆ ಸಾಧಿಸಬಾರದು. ಹಟ್ಟಿಯ ಯಜಮಾನನನ್ನೇ ಕಳ್ಳ ಎಂದರೂ, ಎದ್ದು ನಿಂತು ಉತ್ತರ ಕೊಡಬೇಕಾದವನು ಯಜಮಾನ.

ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ ನಾನು ಒಂದು ಸಂಜೆ ಜಂಬದಿಂದ ಪ್ರಜಾಪ್ರಭುತ್ವದ ಪಾಠ ಮಾಡಿದೆ. ರಾಜ ಕೆಟ್ಟವನಾದರೆ ಅವನು ಸಾಯುವ ತನಕ ಸಹಿಸಬೇಕು; ಇಲ್ಲಿ ಹಾಗಲ್ಲ, ಆಳುವವರನ್ನು ಎದುರಿಗೇ ಕೇಳಬಹುದು, ಸರಿಬಾರದಿದ್ದರೆ ಇಳಿಸಲೂಬಹುದು ಎಂದೆ.

"ಹಂಗಾರೆ ನಮ್ಮ ಕಂಬಳಿ ಇದ್ದಂಗೆ ಅನ್ರಿ" ಎಂದ ಚಿತ್ತಯ್ಯ.

"ಅದೇ ಕಣಪ್ಪ" ಎಂದುಬಿಟ್ಟೆ. ಆ ನಾಲಗೆಗೆ ಬರೆ ಎಳೆಯಬೇಕಿತ್ತು.

ಎಪ್ಪತ್ತಾರು, ತುರ್ತು ಪರಿಸ್ಥಿತಿಯ ಕಾಲ. ಸಂತೆಗೆ ಹೋಗಿದ್ದ ಹಟ್ಟಿಯ ನಿಂಗಪ್ಪನನ್ನು ಜೀಪಿನವರು ಹಿಡಿದೊಯ್ದು ಮಕ್ಕಳಾಗದ ಆಪರೇಷನ್ ಮಾಡಿಸಿ ಕಳಿಸಿದರು. ಅವನಿಗಿನ್ನೂ ಮದುವೆಯೇ ಆಗಿರಲಿಲ್ಲ. ಹದಿನೈದು ದಿನ ಕಳೆದು ತಾಲೂಕು ಕಚೇರಿಯ ಒಬ್ಬ ಸಾಹೇಬರು ಬಂದರು. ಶಾಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಯಾರಿಗೇನು ತೊಂದರೆ ಇದ್ದರೂ ಹೆದರದೆ ಹೇಳಿ ಎಂದರು. ಚಿತ್ತಯ್ಯ ಎದ್ದು, ಹೆಗಲ ಮೇಲಿನ ಕಂಬಳಿಯನ್ನು ಸಾಹೇಬರ ಎದುರಿಗೆ ಹಾಸಿ, ಅದರ ಮೇಲೆ ಕಾಲು ಮಡಿಚಿ ಕೂತ.

"ಸ್ವಾಮಿ, ಮದುವಿ ಇಲ್ದೋನ್ನ ಹಿಡ್ಕಂಡೋಗಿ ಕೊಯ್ದು ಕಳಿಸ್ಯಾರೆ. ಇದು ತಪ್ಪು. ಮಾಡ್ಸಿದೋರು ನೀವೇ ಅಂತ ಜನ ಅಂತಾರೆ. ಹೌದೋ ಅಲ್ವೋ, ಇಲ್ಲೇ ಹೇಳ್ರಿ."

ಸಾಹೇಬರು ನಕ್ಕರು. "ಮೇಷ್ಟ್ರೇ, ಇವನ ಹೆಸರು, ತಂದೆ ಹೆಸರು, ಹೇಳಿದ್ದು ಎಲ್ಲಾ ಬರೆದುಕೊಳ್ಳಿ."

ಆ ನಗು ಎಂಥದ್ದೆಂದು ನನಗೆ ಅರ್ಥವಾಯಿತು. ಮಾತು ಹಿಂದಕ್ಕೆ ತಗೊಳ್ಳೋ ಎಂದು ಕಣ್ಣಲ್ಲೇ ಒಂದು ಸನ್ನೆ ಮಾಡಿದ್ದರೂ ಸಾಕಿತ್ತು. ಕೆಲಸ ಹೋದೀತೆಂಬ ಪುಕ್ಕಲುತನ, ಥೂ. ದುಂಡಗೆ ಬರೆದುಕೊಟ್ಟೆ. ಚಿತ್ತಯ್ಯ ಹೆಬ್ಬೆಟ್ಟು ಒತ್ತಿದ. "ಏನೂ ಆಗಲ್ಲ ಸುಮ್ಕಿರೇ, ಕಂಬಳಿ ಮ್ಯಾಲೆ ಕುಂತು ಹೇಳೀನಿ" ಎಂದು ಗಂಗಕ್ಕನಿಗೆ ಹೇಳುತ್ತ ಮನೆಗೆ ನಡೆದ.

ನಾಲ್ಕನೆಯ ದಿನ ಜೀಪು ಬಂತು. ಗಂಗಕ್ಕ ಅದಕ್ಕೆ ಅಡ್ಡ ಮಲಗಿದಳು. "ನಮಗಿನ್ನೂ ಒಂದು ಕೂಸೂ ಆಗಿಲ್ಲ ಸ್ವಾಮಿ" ಎಂದು ಗೋಗರೆದಳು. ಜೀಪಿನವನು ಕಾಗದ ನೋಡಿ, "ಮೂರು ಮಕ್ಕಳು ಅಂತ ಬರ್ದೈತಲ್ಲ" ಎಂದ. ಆ ಮೂರು ಮಕ್ಕಳನ್ನು ಬರೆದವನು ನಾನಲ್ಲ. ಆದರೆ ಮೇಲಿನ ಹೆಸರು ನನ್ನ ಅಕ್ಷರದಲ್ಲಿತ್ತು.

ಚಿತ್ತಯ್ಯನನ್ನು ಹಿಡಿದೊಯ್ದು ಅದೇ ಆಪರೇಷನ್ ಮಾಡಿದರು. ಒಂಬತ್ತು ದಿನ ಬಿಟ್ಟು ಬಂದ. ಗಾಯ ಕೀವಾಗಿತ್ತು. ಎರಡು ತಿಂಗಳು ಕುರಿಯ ಹಿಂದೆ ಹೋಗಲಾಗಲಿಲ್ಲ. ಅದಾದ ಮೇಲೆ ಹಟ್ಟಿಯಲ್ಲಿ ನ್ಯಾಯ ಸೇರಿದರೂ ಕಂಬಳಿಯ ಮೇಲೆ ಕೂರುವವರೇ ಇಲ್ಲವಾದರು.

ಎಪ್ಪತ್ತೇಳರ ಮಾರ್ಚಿನಲ್ಲಿ ಚುನಾವಣೆ ಬಂತು. ನಮ್ಮ ಶಾಲೆಯೇ ಮತಗಟ್ಟೆ, ಬಾಗಿಲಲ್ಲಿ ನಾನಿದ್ದೆ. ಚಿತ್ತಯ್ಯ ಎಲ್ಲರಿಗಿಂತ ಮೊದಲು ಬಂದು ಸಾಲಿನಲ್ಲಿ ನಿಂತ.

"ಯಾರಿಗೆ ಒತ್ತಿದೆ ಅಂತ ಅವ್ರಿಗೆ ಗೊತ್ತಾಗ್ತೈತಾ ಮೇಷ್ಟ್ರೆ?"

"ಇಲ್ಲಪ್ಪ."

"ನೀವು ಬರ್ಕಣಲ್ವಾ?"

"ಇಲ್ಲ" ಎಂದೆ. ತಲೆ ಎತ್ತಲಾಗಲಿಲ್ಲ. ಅವನು ಒಳಗೆ ಹೋದ.

ನಮ್ಮ ಕಡೆ ಗೆದ್ದವರು ಹಳೆಯ ಪಕ್ಷದವರೇ. ದಿಲ್ಲಿಯಲ್ಲಿ ಮಾತ್ರ ಸರ್ಕಾರ ಬಿತ್ತು. ರೇಡಿಯೋದಲ್ಲಿ ಕೇಳಿದ್ದೇ ತಡ, ನಾಚಿಕೆಯಿಲ್ಲದವನ ಹಾಗೆ ಓಡಿಹೋಗಿ, "ಇಳಿಸಬಹುದು ಅಂದಿದ್ದೆನಲ್ಲ, ಇಳಿದರು ನೋಡು" ಎಂದೆ.

ಚಿತ್ತಯ್ಯ ಎದ್ದು ಒಳಗೆ ಹೋದ. ಒಳಗಿಂದ ಹೊಸ ಕಂಬಳಿಯೊಂದನ್ನು ತಂದು ಅಂಗಳದಲ್ಲಿ ಹಾಸಿದ. ಅಕ್ಕಪಕ್ಕದವರು ಬಂದು ಸುತ್ತ ನಿಂತರು.

"ಕುಂತ್ಕಳ್ರಿ ಮೇಷ್ಟ್ರೆ. ಅವತ್ತು ಬರ್ಕಳಾವಾಗ, ನಂಗೆ ಹಿಂಗಾಗ್ತೈತೆ ಅಂತ ನಿಮಗೆ ಗೊತ್ತಿತ್ತಾ?"

ಕೂತೆ. ಕಂಬಳಿ ಮೆತ್ತಗಿತ್ತು. ಅಂಗೈ ಊರಿದಾಗ ತಿಳಿಯಿತು, ಅದು ಒಂಬತ್ತು ವರ್ಷ ಎತ್ತಿಟ್ಟಿದ್ದ ಮರಿಯ ಉಣ್ಣೆ.

"ಗೊತ್ತಿತ್ತು" ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿತ್ತಯ್ಯ "ಆತು ಬಿಡ್ರಿ" ಎಂದು ಕುರಿ ರೊಪ್ಪದ ಕಡೆ ಹೋದ. ಗಂಗಕ್ಕ ಒಳಗಿಂದ ಒಂದು ಚೊಂಬು ಮಜ್ಜಿಗೆ ತಂದು ನನ್ನ ಮುಂದಿಟ್ಟು, ನಾನು ಕುಡಿಯುವುದನ್ನೇ ಕಾಯುತ್ತ ನಿಂತಳು.