ಒಂಟಿತನಕ್ಕೆ ಕುಂಕುಮ

ಶಹಾಬಾದಿನ ನಮ್ಮ ಓಣಿಯ ಶಿಲ್ಪಿ ದೇವಿಂದ್ರ ಮನೆಗೆ ಬಂದನೆಂದರೆ ಹೆಂಗಸರು ಮೊದಲು ಸೌಟು ಬಚ್ಚಿಡುತ್ತಾರೆ. ಹರಕು ಸಿಮೆಂಟ್ ಚೀಲ, ಸೈಕಲ್ ಚೈನು, ಒಡೆದ ಫರ್ಸಿ ಹಾಸುಗಲ್ಲು, ಯಾವುದು ಕೈಗೆ ಸಿಕ್ಕರೂ ಅವನಿಗೆ ಶಿಲ್ಪವೇ. "ಏನಪಾ ಇದು?" ಎಂದರೆ, "ಮನುಷ್ಯಾನ ಒಂಟಿತನ ಅದರಿ" ಎನ್ನುತ್ತಾನೆ. ನಿಲ್ಲಿಸಿದ ಕಲ್ಲು ಕಂಡರೆ ಸುಮ್ಮನಿರಲಾಗದ ನಮ್ಮ ಮಂದಿ ಬೆಳಗಾಗುವುದರೊಳಗೆ ಆ ಒಂಟಿತನಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಿರುತ್ತಾರೆ. ದೇವಿಂದ್ರ ದಿನಾಲೂ ಒದ್ದೆ ಬಟ್ಟೆ ಹಿಡಿದು, "ಇದು ದೇವರಲ್ರಿ, ನಾ ಮಾಡಿದ್ದು" ಎಂದು ಗೊಣಗುತ್ತ ಒರೆಸುತ್ತಾನೆ. ಒಂದೇ ಒಂದು ಕಲ್ಲಿನ ಕುಂಕುಮ ಮಾತ್ರ ಮುಟ್ಟುವುದಿಲ್ಲ. ಅದು ನಡುವೆ ಸವೆದು ಕುಳಿಬಿದ್ದ, ಬಟ್ಟೆ ಒಗೆಯುವ ಹಳೆಯ ಫರ್ಸಿ. ಇದನ್ನೇಕೆ ಒರೆಸಲಿಲ್ಲ ಎಂದು ಕೇಳಿದೆ. "ಇದು ನಾ ಮಾಡಿದ್ದಲ್ರಿ," ಎಂದ, "ಮೂವತ್ತು ವರ್ಷ ಮಂದಿ ಅರಿವಿ ಒಗದು ನಮ್ಮವ್ವ ಮಾಡಿದ್ದು."